ಗಂಡನಿಗೆ ಸ್ಪಾನ್ಸರ್ ಹಾಕಿ ನಾನು ಊರಲ್ಲಿ ಇರಬಹುದಾ? ಕೆನಡಾ ಪಿಆರ್ ಒಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು 2022ರ ಜೂನ್ 20ರಂದು ಪಿಆರ್ (ಕಾಯಂ ನಿವಾಸಿ) ಆಗಿ ಕೆನಡಾಕ್ಕೆ ಬಂದೆ. ಮಿಸಿಸಾಗಾದಲ್ಲಿ ಕೆಲಸ, ಮನೆ ಎರಡೂ ಇದೆ. 2023ರಲ್ಲಿ 40 ದಿನ ಊರಿಗೆ ಹೋಗಿದ್ದೆ. 2025ರ ಶುರುವಿನಲ್ಲಿ ಮದುವೆಗೆ ಅಂತ 50 ದಿನ ಹಾಸನದಲ್ಲಿದ್ದೆ. ಗಂಡನಿಗೆ ಬೆಂಗಳೂರಿನಲ್ಲಿ ಕೆಲಸ. ಹಿಂದೆ ಒಂದೂವರೆ ವರ್ಷ ದುಬೈನಲ್ಲಿದ್ದರು. 2025ರ ಅಕ್ಟೋಬರ್‌ನಲ್ಲಿ ಸ್ಪಾನ್ಸರ್‌ಶಿಪ್ ಅರ್ಜಿ (ಅವರನ್ನು ಪಿಆರ್ ಆಗಿ ಕೆನಡಾಕ್ಕೆ ಕರೆಸಿಕೊಳ್ಳುವ ಅರ್ಜಿ) ಹಾಕಿ, 2026ರ ಜನವರಿಯಿಂದ ಒಂದೂವರೆ ವರ್ಷ ಅವರ ಜೊತೆ ಬೆಂಗಳೂರಿನಲ್ಲೇ ಇರೋಣ ಅಂದುಕೊಂಡಿದ್ದೇನೆ. ಕಂಪನಿ ರಿಮೋಟ್ ಕೆಲಸಕ್ಕೆ ಒಪ್ಪಿದೆ. 730 ದಿನ ಆಗಲೇ ಮುಗಿದಿರುವುದರಿಂದ ತೊಂದರೆ ಇಲ್ಲ ಅಲ್ವಾ? ಮಗುವಿನ ಯೋಚನೆಯೂ ಇದೆ. ನನ್ನ ಪಿಆರ್ ಕಾರ್ಡ್ 2027ರಲ್ಲಿ ಮುಗಿಯುತ್ತದೆ, ಅದೂ ಒಂದು ಚಿಂತೆ.

ಉತ್ತರ: ನಿಮ್ಮ ಪಿಆರ್‌ಗೆ ತೊಂದರೆ ಇಲ್ಲ. ಆದರೆ ನಿಮ್ಮ ಗಂಡನ ಅರ್ಜಿಗೆ ತೊಂದರೆ ಇದೆ. ಅದೂ ದೊಡ್ಡ ತೊಂದರೆ. ದಯವಿಟ್ಟು ಟಿಕೆಟ್ ಮಾಡಿಸುವ ಮೊದಲು ಇದನ್ನು ಪೂರ್ತಿ ಓದಿ.

ಇಲ್ಲಿ ಎರಡು ಬೇರೆ ಬೇರೆ ನಿಯಮಗಳಿವೆ. ನಮ್ಮವರಲ್ಲಿ ಹೆಚ್ಚಿನವರಿಗೆ ಮೊದಲನೆಯದು ಬಾಯಿಪಾಠ, ಎರಡನೆಯದು ಗೊತ್ತೇ ಇರುವುದಿಲ್ಲ. ಪಿಆರ್ ಉಳಿಸಿಕೊಳ್ಳಲು ಐದು ವರ್ಷದಲ್ಲಿ 730 ದಿನ ಕೆನಡಾದಲ್ಲಿರಬೇಕು ಎನ್ನುವುದು ಮೊದಲನೆಯದು. ವಲಸೆ ಕಾಯಿದೆಯ 28ನೇ ಸೆಕ್ಷನ್ ಹೇಳುವುದು ಇದನ್ನೇ. ಅಂದರೆ ಐದರಲ್ಲಿ ಮೂರು ವರ್ಷ ಹೊರಗಿದ್ದರೂ ಪಿಆರ್ ಹೋಗುವುದಿಲ್ಲ. ಎರಡನೆಯದು ಸ್ಪಾನ್ಸರ್ ಮಾಡುವವರಿಗೆ ಸಂಬಂಧಿಸಿದ್ದು. ವಲಸೆ ನಿಯಮಾವಳಿಯ 130ನೇ ಸೆಕ್ಷನ್ ಪ್ರಕಾರ ಸ್ಪಾನ್ಸರ್ ಕೆನಡಾದಲ್ಲಿ ವಾಸ ಮಾಡುತ್ತಿರಬೇಕು. ಹೊರದೇಶದಲ್ಲಿದ್ದುಕೊಂಡೇ ಗಂಡನನ್ನೋ ಹೆಂಡತಿಯನ್ನೋ ಸ್ಪಾನ್ಸರ್ ಮಾಡುವ ಸೌಲಭ್ಯ ಕೆನಡಾದ ಪೌರರಿಗೆ ಇದೆ, ಪಿಆರ್‌ಗಳಿಗೆ ಇಲ್ಲ.

ಅರ್ಜಿ ಹಾಕುವ ದಿನ ಇಲ್ಲಿದ್ದರೆ ಸಾಕಲ್ವಾ ಅಂತ ನೀವು ಕೇಳಬಹುದು. ಸಾಲದು. ಅದೇ ನಿಯಮಾವಳಿಯ 133ನೇ ಸೆಕ್ಷನ್ ಇದಕ್ಕೆ ಜಾಗವನ್ನೇ ಬಿಟ್ಟಿಲ್ಲ. ಅರ್ಜಿ ಹಾಕಿದ ದಿನದಿಂದ ತೀರ್ಮಾನ ಬರುವ ದಿನದವರೆಗೂ ಸ್ಪಾನ್ಸರ್ ಆ ಅರ್ಹತೆ ಉಳಿಸಿಕೊಂಡಿರಬೇಕು. ಹೊರದೇಶದಲ್ಲಿರುವ ಸಂಗಾತಿಯ ಅರ್ಜಿಗೆ ವಲಸೆ ಇಲಾಖೆ, ಅಂದರೆ ಐಆರ್‌ಸಿಸಿ, ಇಟ್ಟುಕೊಂಡಿರುವ ಗುರಿ 12 ತಿಂಗಳು. ನೀವು ಜನವರಿಯಲ್ಲಿ ಮನೆ ಖಾಲಿ ಮಾಡಿ ಹೊರಟರೆ ಆ ಅವಧಿಯ ಬಹುಪಾಲು ಬೆಂಗಳೂರಿನ ವಾಸಿಯಾಗಿರುತ್ತೀರಿ. ಅಷ್ಟರಲ್ಲಿ ಅಧಿಕಾರಿ ನಿಮ್ಮ ವಾಸದ ಪುರಾವೆ ಕೇಳಿದರೆ ಕೊಡಲು ಏನಿರುತ್ತದೆ? ವಿಮಾನದಲ್ಲಿ ಕೆನಡಾಕ್ಕೆ ಬಂದದ್ದೂ, ಕೆನಡಾ ಬಿಟ್ಟದ್ದೂ ಗಡಿ ಇಲಾಖೆಯ ದಾಖಲೆಯಲ್ಲಿರುತ್ತದೆ. ಇಲ್ಲೇ ಇದ್ದೀನಿ ಅಂತ ಸುಮ್ನೆ ಬರೆದು ಕೊಡುವುದನ್ನು ಯೋಚಿಸಲೂ ಬೇಡಿ. ಸುಳ್ಳು ಮಾಹಿತಿ ಕೊಟ್ಟರೆ ಐದು ವರ್ಷದ ನಿಷೇಧದವರೆಗೂ ಹೋಗಬಹುದು, ನಿಮ್ಮ ಪಿಆರ್‌ಗೂ ಆಗ ಸಂಚಕಾರ ಬರುತ್ತದೆ.

ರಿಮೋಟ್ ಕೆಲಸ ಇದಕ್ಕೆ ಪರಿಹಾರ ಅಲ್ಲ. ಸಂಬಳ ಕೆನಡಾ ಡಾಲರ್‌ನಲ್ಲಿ ಬಂದರೂ, ತೆರಿಗೆ ಇಲ್ಲೇ ಕಟ್ಟಿದರೂ, ನೀವು ಮಲಗಿ ಏಳುವ ಮನೆ ಬೆಂಗಳೂರಿನಲ್ಲಿರುತ್ತದೆ. ಕೆನಡಾದ ಕಂಪನಿಗೆ ಹೊರದೇಶದಲ್ಲಿ ಕೆಲಸ ಮಾಡಿದ ದಿನಗಳು 730ಕ್ಕೆ ಸೇರುತ್ತವೆ ಎಂಬ ಮಾತನ್ನು ನೀವು ಕೇಳಿರಬಹುದು. ಅಂಥ ನಿಯಮ ಇದೆ, ಆದರೆ ಅದು ಕಂಪನಿಯೇ ತನ್ನ ಕೆಲಸಕ್ಕಾಗಿ ಪೂರ್ಣಾವಧಿ ನೌಕರರನ್ನು ಹೊರಗೆ ಕಳಿಸಿದಾಗ. ನಿಮ್ಮ ಅನುಕೂಲಕ್ಕೆ ನೀವು ಕೇಳಿಕೊಂಡು ಹೋದದ್ದನ್ನು ಹಾಗೆ ಲೆಕ್ಕಕ್ಕೆ ಹಿಡಿಯುವುದು ಕಷ್ಟ. ಗಂಡನ ಜೊತೆ ಹೊರಗಿದ್ದ ದಿನಗಳೂ ಸೇರುತ್ತವಂತೆ ಅನ್ನುವುದು ಇನ್ನೊಂದು ಮಾತು. ಗಂಡ ಕೆನಡಾದ ಪೌರರಾಗಿದ್ದರೆ ಸೇರುತ್ತವೆ. ನಿಮ್ಮವರು ಭಾರತದ ಪೌರರು, ಹಾಗಾಗಿ ನಿಮಗೆ ಅನ್ವಯಿಸುವುದಿಲ್ಲ.

ಹಾಗಾದರೆ ಊರಿಗೆ ಹೋಗಲೇಬಾರದಾ? ಹೋಗಿ. ರಜೆಗೆ ಹೋಗಿ ಬರುವುದು ವಾಸ ಬದಲಾಯಿಸಿದಂತೆ ಅಲ್ಲ. ಎಷ್ಟು ದಿನದವರೆಗೆ ರಜೆ, ಎಲ್ಲಿಂದ ವಾಸ ಎಂದು ನಿಯಮದಲ್ಲಿ ಅಂಕಿ ಕೊಟ್ಟಿಲ್ಲ. ನನ್ನ ಅಭಿಪ್ರಾಯ ಹೇಳುತ್ತೇನೆ. ಮೂರರಿಂದ ಆರು ವಾರ, ಕೈಯಲ್ಲಿ ವಾಪಸ್ ಟಿಕೆಟ್, ಕಂಪನಿಯಿಂದ ರಜೆಯ ಪತ್ರ, ಮಿಸಿಸಾಗಾ ಮನೆಯ ಬಾಡಿಗೆ ಕರಾರು ಚಾಲ್ತಿಯಲ್ಲಿ. ಇಷ್ಟಿದ್ದರೆ ಯಾರೂ ಪ್ರಶ್ನೆ ಮಾಡುವ ಹಾಗಿಲ್ಲ. ಎರಡು ಮೂರು ತಿಂಗಳು ದಾಟಿದರೆ, ಅದರಲ್ಲೂ ಮನೆ ಬಿಟ್ಟು ಹೋಗಿದ್ದರೆ, ಉತ್ತರ ಹೇಳುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಬಾಡಿಗೆ ರಸೀದಿ, ಕರೆಂಟ್ ಬಿಲ್, ಸಂಬಳದ ಚೀಟಿಗಳನ್ನು ತಿಂಗಳು ತಿಂಗಳು ಒಂದು ಕಡೆ ಇಟ್ಟುಕೊಳ್ಳುತ್ತಾ ಬನ್ನಿ.

730ರ ಲೆಕ್ಕವನ್ನೂ ಒಮ್ಮೆ ಬಿಡಿಸಿ ನೋಡೋಣ. ಒಮ್ಮೆ ಮುಗಿದರೆ ಮುಗಿಯಿತು ಅಂತ ಬಹಳ ಜನ ನಂಬಿದ್ದಾರೆ. ಅದು ತಪ್ಪು. ಮೊದಲ ಐದು ವರ್ಷ, ಅಂದರೆ ನಿಮಗೆ 2027ರ ಜೂನ್‌ವರೆಗೆ, ನೀವು ಬಂದಿಳಿದ ದಿನದಿಂದ ಲೆಕ್ಕ. ಆಮೇಲೆ ಅಧಿಕಾರಿ ಯಾವ ದಿನ ನೋಡುತ್ತಾರೋ ಆ ದಿನದಿಂದ ಹಿಂದಕ್ಕೆ ಐದು ವರ್ಷ. ಹಳೆಯ ದಿನಗಳು ಒಂದೊಂದಾಗಿ ಉದುರುತ್ತಾ ಹೋಗುತ್ತವೆ. ನೀವು ಅಂದುಕೊಂಡಂತೆ ಒಂದೂವರೆ ವರ್ಷ ಹೋಗಿ 2027ರ ಜುಲೈನಲ್ಲಿ ವಾಪಸ್ ಬಂದರೆ ಪಿಆರ್ ಭದ್ರ. ಆದರೆ ಒಂದೂವರೆ ವರ್ಷ ಮೂರು ವರ್ಷವಾಗಿ ಎಳೆಯಿತು ಅಂತಿಟ್ಟುಕೊಳ್ಳಿ. 2028ರ ಡಿಸೆಂಬರ್ 31ರಂದು ನೋಡಿದರೆ ಲೆಕ್ಕಕ್ಕೆ ಬರುವುದು 2024ರ ಜನವರಿಯಿಂದ ಈಚಿನ ದಿನಗಳು ಮಾತ್ರ. 2024ರಲ್ಲಿ 366, 2025ರಲ್ಲಿ 365, ಒಟ್ಟು 731. ಮದುವೆಗೆ ಹೋಗಿದ್ದ 50 ದಿನ ಕಳೆದರೆ 681. ಪಿಆರ್ ಹೋಗುವ ದಾರಿ ಹೀಗೇ ಶುರುವಾಗುತ್ತದೆ. ಅತ್ತೆಗೆ ಹುಷಾರಿಲ್ಲ, ಮನೆ ಕಟ್ಟಿಸುತ್ತಿದ್ದೇವೆ, ಮಗು ಸಣ್ಣದು ಅಂತ ವರ್ಷಗಳು ಎಷ್ಟು ಬೇಗ ಎಳೆಯುತ್ತವೆ ಎನ್ನುವುದು ನಿಮಗೂ ಗೊತ್ತಿರುತ್ತದೆ.

ಈಗ ನಿಮ್ಮ ಪತ್ರದಲ್ಲಿ ನೀವೇ ಗಮನಿಸದ ಒಂದು ಒಳ್ಳೆಯ ಸುದ್ದಿ. ನೀವು ಪೌರತ್ವಕ್ಕೆ ಅರ್ಹರಾಗಿದ್ದೀರಿ. ಅರ್ಜಿಗೆ ಹಿಂದಿನ ಐದು ವರ್ಷದಲ್ಲಿ 1,095 ದಿನ ಇಲ್ಲಿರಬೇಕು. 2022ರ ಜೂನ್ 20ರಿಂದ 2025ರ ಅಕ್ಟೋಬರ್ 20ಕ್ಕೆ ಮೂರು ವರ್ಷ ನಾಲ್ಕು ತಿಂಗಳು, ಸುಮಾರು 1,218 ದಿನ. ಹೊರಗಿದ್ದ 90 ಕಳೆದರೂ 1,128 ಉಳಿಯುತ್ತದೆ. 2022, 2023, 2024ರ ತೆರಿಗೆ ರಿಟರ್ನ್ ಸಲ್ಲಿಸಿದ್ದೀರಾ ನೋಡಿಕೊಳ್ಳಿ, ಮೂರು ವರ್ಷದ್ದು ಬೇಕು. ಇಂಗ್ಲಿಷ್ ಅಥವಾ ಫ್ರೆಂಚ್ ಬರುತ್ತದೆ ಎನ್ನುವುದಕ್ಕೆ ಪುರಾವೆ ಬೇಕು, ಒಂದು ಸಣ್ಣ ಪರೀಕ್ಷೆಯೂ ಇದೆ. ಪೌರತ್ವ ಸಿಕ್ಕ ಮೇಲೆ ನೀವು ಬೆಂಗಳೂರಿನಲ್ಲಿದ್ದುಕೊಂಡೇ ಗಂಡನನ್ನು ಸ್ಪಾನ್ಸರ್ ಮಾಡಬಹುದು. ಅವರಿಗೆ ಪಿಆರ್ ಸಿಕ್ಕಾಗ ಇಬ್ಬರೂ ಕೆನಡಾದಲ್ಲಿ ನೆಲೆಸುತ್ತೇವೆ ಎಂದು ತೋರಿಸಿದರೆ ಸಾಕು. ಈಗಲೇ ಸ್ಪಾನ್ಸರ್‌ಶಿಪ್ ಹಾಕಿದ್ದು ನಡುವೆ ಪೌರತ್ವ ಬಂದರೆ ಅದನ್ನು ಇಲಾಖೆಗೆ ತಿಳಿಸಿ.

ಪೌರತ್ವ ತೆಗೆದುಕೊಳ್ಳಿ ಅಂತ ನಾನು ಒತ್ತಾಯ ಮಾಡುತ್ತಿಲ್ಲ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. 1955ರ ಪೌರತ್ವ ಕಾಯಿದೆಯ ಪ್ರಕಾರ ಬೇರೆ ದೇಶದ ಪೌರತ್ವ ಪಡೆದ ಕೂಡಲೇ ಭಾರತದ್ದು ಹೋಗುತ್ತದೆ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡ್ ಮಾಡಿಸಬೇಕು. ಒಸಿಐ ಇದ್ದವರು ಊರಿಗೆ ಬಂದು ಎಷ್ಟು ದಿನ ಬೇಕಾದರೂ ಇರಬಹುದು, ಆದರೆ ಕೃಷಿ ಜಮೀನು, ತೋಟ ಕೊಂಡುಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಅಡ್ಡಿಯಿಲ್ಲ. ಹಾಸನದ ಕಡೆ ಕಾಫಿ ತೋಟವೋ ಗದ್ದೆಯೋ ಕೊಳ್ಳುವ ಆಸೆ ನಿಮ್ಮಿಬ್ಬರಿಗೆ ಇದ್ದರೆ ಮೊದಲೇ ಕೂತು ಮಾತಾಡಿ.

ಇನ್ನು ಜೊತೆಗಿರುವ ವಿಷಯ. ಹೊಸದಾಗಿ ಮದುವೆಯಾದವರು ವರ್ಷಗಟ್ಟಲೆ ವಿಡಿಯೊ ಕಾಲ್‌ನಲ್ಲೇ ಸಂಸಾರ ಮಾಡುವುದು ಎಷ್ಟು ಕಷ್ಟ ಎನ್ನುವುದು ನನಗೆ ಅರ್ಥವಾಗುತ್ತದೆ. ಅದಕ್ಕೇ ನೀವು ಅಲ್ಲಿಗೆ ಹೋಗುವ ಬದಲು ಅವರು ಇಲ್ಲಿಗೆ ಬರುವ ದಾರಿಯನ್ನು ಮೊದಲು ನೋಡಿ. ಸ್ಪಾನ್ಸರ್‌ಶಿಪ್ ಹಾಕಿದ ಮೇಲೆ ವಿಸಿಟರ್ ವೀಸಾ ಸಿಗುವುದೇ ಇಲ್ಲ ಎಂಬ ಭಯ ನಮ್ಮವರಲ್ಲಿ ಬಹಳ ಇದೆ. ಕೆನಡಾದ ವಲಸೆ ಕಾಯಿದೆಯ 22ನೇ ಸೆಕ್ಷನ್ ಪ್ರಕಾರ ಮುಂದೆ ಪಿಆರ್ ಆಗುವ ಆಸೆ ಇದ್ದ ಮಾತ್ರಕ್ಕೆ ಈಗ ಪ್ರವಾಸಕ್ಕೆ ಬರುವುದನ್ನು ತಡೆಯುವಂತಿಲ್ಲ. ಅವಧಿ ಮುಗಿದಾಗ ವಾಪಸ್ ಹೋಗುತ್ತಾರೆ ಎಂಬ ನಂಬಿಕೆ ಬರಬೇಕು, ಅಷ್ಟೆ. 2023ರ ಮೇ ತಿಂಗಳಲ್ಲಿ ಐಆರ್‌ಸಿಸಿ ಇಂಥ ಸಂಗಾತಿಗಳ ವಿಸಿಟರ್ ಅರ್ಜಿಗಳನ್ನು ಬೇಗ ನೋಡುವುದಾಗಿ ಪ್ರಕಟಿಸಿತು. ಅಲ್ಲಿಂದ ಮುಂದೆ ಪರಿಸ್ಥಿತಿ ಸುಧಾರಿಸಿದೆ. ಸ್ಪಾನ್ಸರ್‌ಶಿಪ್ ಅರ್ಜಿ ಸ್ವೀಕಾರವಾಗಿದೆ ಎಂಬ ಪತ್ರ ಬಂದ ಮೇಲೆ, ಅದನ್ನು ಲಗತ್ತಿಸಿ ವಿಸಿಟರ್ ವೀಸಾಕ್ಕೆ ಹಾಕಿ. ಎಲ್ಲವನ್ನೂ ನೇರವಾಗಿ ಹೇಳಿ. ಹೆಂಡತಿ ಕೆನಡಾದಲ್ಲಿದ್ದಾಳೆ ಎನ್ನುವುದನ್ನು ಮುಚ್ಚಿಟ್ಟು ನಯಾಗರ ನೋಡಲು ಹೋಗುತ್ತೇನೆ ಅಂತ ಬರೆಯುವವರು ಇದ್ದಾರೆ. ಅದರಿಂದ ಎರಡೂ ಅರ್ಜಿ ಕೆಡುತ್ತದೆ.

ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ನಿಮ್ಮದೇ ವಿಳಾಸದಲ್ಲಿ ನಿಮ್ಮ ಜೊತೆ ಇದ್ದರೆ ಯಾವ ಕಂಪನಿಯಲ್ಲಾದರೂ ಕೆಲಸ ಮಾಡಲು ಬಿಡುವ ಓಪನ್ ವರ್ಕ್ ಪರ್ಮಿಟ್‌ಗೂ ಅರ್ಜಿ ಹಾಕಬಹುದು. ಅದು ಕೈಗೆ ಬರುವವರೆಗೆ ಕೆಲಸ ಮಾಡುವಂತಿಲ್ಲ. ಒಂದು ಎಚ್ಚರಿಕೆ: ಅವರು ಇಲ್ಲಿಗೆ ಬಂದರು ಅಂತ ಹೊರದೇಶದ ವರ್ಗದಲ್ಲಿ ಹಾಕಿದ ಅರ್ಜಿಯನ್ನು ಕೆನಡಾದೊಳಗಿನ ಸಂಗಾತಿ ವರ್ಗಕ್ಕೆ ಬದಲಾಯಿಸಬೇಡಿ. ಹೊರದೇಶದ ವರ್ಗದಲ್ಲಿ ಅರ್ಜಿ ತಿರಸ್ಕಾರವಾದರೆ ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗುವ ಹಕ್ಕು ನಿಮಗಿದೆ. ಒಳಗಿನ ವರ್ಗದಲ್ಲಿ ಆ ಹಕ್ಕು ಇಲ್ಲ, ಜೊತೆಗೆ ಅವರು ಮಧ್ಯದಲ್ಲಿ ಊರಿಗೆ ಹೋಗಿ ವಾಪಸ್ ಬರಲಾಗದಿದ್ದರೆ ಅರ್ಜಿಯೇ ಬಿದ್ದುಹೋಗಬಹುದು. ಇದೇ ಕಾರಣಕ್ಕೆ ಸ್ಪಾನ್ಸರ್ ತುಂಬಬೇಕಾದ ಐಎಂಎಂ 1344 ಫಾರಂನಲ್ಲಿ ಬರುವ ಒಂದು ಪ್ರಶ್ನೆಯನ್ನು ನಿಧಾನವಾಗಿ ಓದಿ. ಸ್ಪಾನ್ಸರ್ ಅರ್ಹರಲ್ಲ ಎಂದಾದರೆ ಅರ್ಜಿ ಹಿಂತೆಗೆದುಕೊಳ್ಳುತ್ತೀರಾ, ಮುಂದುವರಿಸುತ್ತೀರಾ ಎಂದು ಕೇಳುತ್ತಾರೆ. ಹಿಂತೆಗೆದುಕೊಂಡರೆ ದುಡ್ಡು ಹೆಚ್ಚುಕಡಿಮೆ ವಾಪಸ್ ಬರುತ್ತದೆ, ಮುಂದುವರಿಸಿದರೆ ಮೇಲ್ಮನವಿಯ ಹಕ್ಕು ಉಳಿಯುತ್ತದೆ.

ದಾಖಲೆಗಳಲ್ಲಿ ನಮ್ಮ ಕಡೆಯವರು ಎಡವುವ ಜಾಗಗಳನ್ನಷ್ಟೇ ಹೇಳುತ್ತೇನೆ. ಛತ್ರದವರು ಅಥವಾ ದೇವಸ್ಥಾನದವರು ಕೊಟ್ಟ ಮದುವೆ ಪತ್ರ ಸಾಲದು, ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರ ಬೇಕು. ಅದರಲ್ಲಿ ಹೆಸರುಗಳು ಪಾಸ್‌ಪೋರ್ಟ್‌ನಂತೆಯೇ ಇವೆಯಾ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು. ಇದು ನಮಗೆ ಮಾಮೂಲಿ, ಫೈಲ್ ನೋಡುವವರಿಗೆ ಮೂರು ಬೇರೆ ಮನುಷ್ಯರು. ಎಲ್ಲಾ ರೂಪಗಳನ್ನೂ ಫಾರಂನ ಬೇರೆ ಹೆಸರುಗಳ ಜಾಗದಲ್ಲಿ ಬರೆದು, ಒಂದು ಅಫಿಡವಿಟ್ ಮಾಡಿಸಿ ಇಡಿ. ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಬೇಕು. ಅನುವಾದಿಸುವವರು ಮನೆಯವರಾಗಿರಬಾರದು, ನಿಮ್ಮ ಅಣ್ಣ ವಕೀಲರಾಗಿದ್ದರೂ ನಡೆಯುವುದಿಲ್ಲ.

ಗಂಡನಿಗೆ ಭಾರತದ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಜೊತೆಗೆ ಯುಎಇ ಪೊಲೀಸ್ ಪ್ರಮಾಣಪತ್ರವೂ ಬೇಕು. ಹತ್ತು ವರ್ಷದೊಳಗೆ ಸತತವಾಗಿ ಆರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಇದ್ದ ಪ್ರತಿ ದೇಶದ್ದೂ ಕೇಳುತ್ತಾರೆ. ದುಬೈ ಬಿಟ್ಟು ಬಂದವರಿಗೆ ಇದು ಸ್ವಲ್ಪ ಓಡಾಟದ ಕೆಲಸ, ಇವತ್ತೇ ಶುರು ಮಾಡಿ. ವೈದ್ಯಕೀಯ ಪರೀಕ್ಷೆ ಇಲಾಖೆಯವರು ಹೇಳಿದಾಗ, ಇಲಾಖೆಯ ಪಟ್ಟಿಯಲ್ಲಿರುವ ಡಾಕ್ಟರ ಹತ್ತಿರ. ಸಕ್ಕರೆ ಕಾಯಿಲೆ ಇದೆ, ಕಿಡ್ನಿ ತೊಂದರೆ ಇದೆ ಅಂತ ಹೆದರಬೇಡಿ. ಚಿಕಿತ್ಸೆಗೆ ಸರ್ಕಾರಕ್ಕೆ ಜಾಸ್ತಿ ಖರ್ಚಾಗುತ್ತದೆ ಎಂಬ ಕಾರಣಕ್ಕೆ ಸಂಗಾತಿಯನ್ನು ತಿರಸ್ಕರಿಸುವಂತಿಲ್ಲ.

ಮದುವೆ ನಿಜವಾದದ್ದು ಎಂದು ತೋರಿಸುವ ಐಎಂಎಂ 5532 ಫಾರಂಗೆ ಹೆಚ್ಚು ಸಮಯ ಕೊಡಿ. ಯಾರು ಪರಿಚಯ ಮಾಡಿಸಿದರು, ಮೊದಲು ಭೇಟಿಯಾದದ್ದು ಯಾವಾಗ, ಮದುವೆಗೆ ಯಾರೆಲ್ಲ ಬಂದಿದ್ದರು ಎಂದೆಲ್ಲ ಕೇಳುತ್ತಾರೆ. ಹಿರಿಯರು ನೋಡಿ ಮಾಡಿದ ಮದುವೆಯಾಗಿದ್ದರೆ ಹಾಗೇ ಬರೆಯಿರಿ. ಲವ್ ಮ್ಯಾರೇಜ್ ಅಂತ ತೋರಿಸಿದರೆ ಒಳ್ಳೆಯದು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಜಾತಕ ನೋಡಿದ್ದು, ಹೆಣ್ಣು ನೋಡುವ ಶಾಸ್ತ್ರ, ಆಮೇಲೆ ಇಬ್ಬರೂ ಫೋನಿನಲ್ಲಿ ಮಾತಾಡಿ ಒಪ್ಪಿದ್ದು, ನಿಶ್ಚಿತಾರ್ಥ, ಧಾರೆ, ಬೀಗರ ಔತಣ, ಎಲ್ಲವನ್ನೂ ತಾರೀಖು ಸಮೇತ ಬರೆಯಿರಿ. ಲಗ್ನಪತ್ರಿಕೆ, ಛತ್ರದ ರಸೀದಿ, ಎರಡೂ ಕಡೆಯವರು ಇರುವ ಫೋಟೊಗಳು ಇರಲಿ. ಸ್ಟುಡಿಯೊದವರ ಆಲ್ಬಂ ಪೂರ್ತಿ ಕಳಿಸುವುದು ಬೇಡ. ಮದುವೆಯ ನಂತರದ ಪುರಾವೆಗೆ ಜಾಸ್ತಿ ಬೆಲೆ. ಕಾಲ್ ದಾಖಲೆ, ಒಬ್ಬರಿಗೊಬ್ಬರು ಕಳಿಸಿದ ಹಣ, ವಿಮೆಯಲ್ಲಿ ನಾಮಿನಿ ಬದಲಾಯಿಸಿದ್ದು, ಇಂಥವು. ನಿಮ್ಮ ಫಾರಂನಲ್ಲಿರುವ ತಾರೀಖುಗಳೂ ಅವರ ಫಾರಂನಲ್ಲಿರುವವೂ ಒಂದೇ ಇವೆಯಾ ಅಂತ ಇಬ್ಬರೂ ಎದುರು ಬದುರು ಕೂತು, ಇಲ್ಲವೇ ಫೋನಿನಲ್ಲಿ, ಸಾಲು ಸಾಲು ಓದಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು, ಇದನ್ನು ಓದುವ ಬೇರೆಯವರಿಗೂ ಬೇಕಾಗುತ್ತದೆ. ನೀವು ಇಲ್ಲಿಗೆ ಬಂದ ಮೇಲೆ ಮದುವೆಯಾದಿರಿ, ಹಾಗಾಗಿ ಚಿಂತೆಯಿಲ್ಲ. ಆದರೆ ಶಾಸ್ತ್ರದ ಮದುವೆ ಆಮೇಲೆ ಮಾಡಿದರಾಯಿತು ಅಂತ ಮೊದಲೇ ರಿಜಿಸ್ಟರ್ ಮಾಡಿಸಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಹಾಗೆ ಮಾಡಿ, ಅವಿವಾಹಿತ ಎಂದು ಬರೆದ ಅರ್ಜಿಯ ಮೇಲೇ ಕೆನಡಾಕ್ಕೆ ಬಂದಿಳಿದರೆ ನಿಯಮಾವಳಿಯ 117(9)(ಡಿ) ಅಡ್ಡ ಬರುತ್ತದೆ. ಬಂದಿಳಿಯುವ ಹೊತ್ತಿಗೆ ಹೇಳದೆ ಬಿಟ್ಟ, ಇಲಾಖೆ ಪರಿಶೀಲಿಸದ ಸಂಗಾತಿಯನ್ನು ಆಮೇಲೆ ಕುಟುಂಬ ವರ್ಗದಲ್ಲಿ ಸ್ಪಾನ್ಸರ್ ಮಾಡಲು ಬರುವುದಿಲ್ಲ. ಪಿಆರ್ ಪತ್ರ ಕೈಗೆ ಬಂದು, ವಿಮಾನ ಹತ್ತುವ ಮೊದಲಿನ ಎರಡು ವಾರದಲ್ಲಿ ಮದುವೆಯಾದರೂ ಅಷ್ಟೇ. ಮೊದಲು ಇಲಾಖೆಗೆ ತಿಳಿಸಿ, ಆಮೇಲೆ ಹೊರಡಿ.

ಮಗುವಿನ ವಿಷಯಕ್ಕೂ ಈ ನಿಯಮ ಅನ್ವಯಿಸುತ್ತದೆ. ಹೆರಿಗೆಗೆ, ಬಾಣಂತನಕ್ಕೆ ತವರಿಗೆ ಹೋಗುವುದು ಸಹಜ. ಆದರೆ ನೀವು ಪಿಆರ್ ಆಗಿರುವಾಗ ಮಗು ಹಾಸನದಲ್ಲಿ ಹುಟ್ಟಿದರೆ ಅದಕ್ಕೆ ಕೆನಡಾದ ಪೌರತ್ವ ಬರುವುದಿಲ್ಲ. ಗಂಡನ ಅರ್ಜಿಗೆ ಮಗುವನ್ನು ಸೇರಿಸಬೇಕು, ಇಲಾಖೆಯಿಂದ ಮಗುವಿನ ಪರಿಶೀಲನೆಯೂ ಮುಗಿಯಬೇಕು, ಅದಾದ ಮೇಲೇ ಅವರು ಇಲ್ಲಿಗೆ ಬಂದು ಪಿಆರ್ ಆಗಬೇಕು. ಬಾಣಂತನದ ಐದಾರು ತಿಂಗಳು ನಿಮ್ಮ ವಾಸದ ಪ್ರಶ್ನೆಯನ್ನೂ ಎತ್ತುತ್ತದೆ. ಅದೇ ನೀವು ಪೌರತ್ವದ ಪ್ರಮಾಣವಚನ ಮುಗಿಸಿದ ಮೇಲೆ ಹುಟ್ಟಿದರೆ, ಮಗು ಹಾಸನದಲ್ಲಿ ಹುಟ್ಟಿದರೂ ಹುಟ್ಟಿನಿಂದಲೇ ಕೆನಡಾದ ಪೌರ. ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವಾರವೇ ಪೌರತ್ವದ ಅರ್ಜಿಯನ್ನೂ ಸ್ಪಾನ್ಸರ್‌ಶಿಪ್ ಅರ್ಜಿಯನ್ನೂ ಒಟ್ಟಿಗೆ ಹಾಕುತ್ತಿದ್ದೆ. ಜನವರಿಯಲ್ಲಿ ನಾಲ್ಕು ವಾರ ರಜೆಗೆ ಹೋಗಿ ಬರುತ್ತಿದ್ದೆ. ಗಂಡನ ವಿಸಿಟರ್ ವೀಸಾಕ್ಕೆ ಪ್ರಯತ್ನ ಮಾಡುತ್ತಿದ್ದೆ.

ದುಡ್ಡಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. 2024ರ ಏಪ್ರಿಲ್ 30ರಿಂದ ಜಾರಿಗೆ ಬಂದ ದರದಲ್ಲಿ ಸ್ಪಾನ್ಸರ್‌ಶಿಪ್‌ಗೆ 85, ಅರ್ಜಿ ಪರಿಶೀಲನೆಗೆ 545, ಪಿಆರ್ ಹಕ್ಕಿನ ಶುಲ್ಕ 575, ಒಟ್ಟು 1,205 ಕೆನಡಾ ಡಾಲರ್ ಇತ್ತು. ಬಯೊಮೆಟ್ರಿಕ್ಸ್‌ಗೆ ಇನ್ನೊಂದು 85. ಎರಡು ವರ್ಷಕ್ಕೊಮ್ಮೆ ಏರುತ್ತದೆ, ಕಟ್ಟುವ ದಿನ ನೋಡಿಕೊಳ್ಳಿ. ಸಂಗಾತಿಯೊಬ್ಬರನ್ನೇ ಕರೆಸಲು ಇಷ್ಟೇ ಆದಾಯ ಇರಬೇಕು ಅಂತಿಲ್ಲ. ಅಂಗವೈಕಲ್ಯದ ನೆರವು ಬಿಟ್ಟು ಬೇರೆ ಸರ್ಕಾರಿ ಜೀವನಾಧಾರ ನೆರವು ಪಡೆಯುತ್ತಿರಬಾರದು. ಅವರು ಪಿಆರ್ ಆದ ದಿನದಿಂದ ಮೂರು ವರ್ಷ ಅವರ ಖರ್ಚಿನ ಹೊಣೆ ನಿಮ್ಮದು, ನಡುವೆ ಸಂಬಂಧ ಮುರಿದರೂ ಆ ಹೊಣೆ ತಪ್ಪುವುದಿಲ್ಲ. ಎರಡು ವರ್ಷ ಒಟ್ಟಿಗೆ ಇರಲೇಬೇಕೆಂಬ ಹಳೆಯ ಷರತ್ತು 2017ರ ಏಪ್ರಿಲ್‌ನಲ್ಲೇ ಹೋಗಿದೆ. ಕ್ವಿಬೆಕ್‌ನಲ್ಲಿರುವವರಿಗೆ ಪ್ರಾಂತ್ಯದ ಕಡೆಯಿಂದ ಬೇರೆ ಹಂತವೇ ಇದೆ, ಒಂಟಾರಿಯೊದಲ್ಲಿರುವ ನಿಮಗೆ ಅದು ಬೇಡ.

ಕೊನೆಯದಾಗಿ ಕಾರ್ಡ್. ಪಿಆರ್ ಕಾರ್ಡ್‌ನ ಅವಧಿ ಮುಗಿದರೆ ಪಿಆರ್ ಮುಗಿಯುವುದಿಲ್ಲ. ಕಾರ್ಡ್ ಎಂದರೆ ವಿಮಾನ ಹತ್ತಲು ತೋರಿಸುವ ಗುರುತು, ಅಷ್ಟೆ. ಆದರೆ ಅವಧಿ ಮುಗಿದ ಕಾರ್ಡ್ ಇಟ್ಟುಕೊಂಡು ಊರಲ್ಲಿ ಸಿಕ್ಕಿಕೊಂಡರೆ ವಾಪಸ್ ಬರಲು ಪಿಆರ್ ಪ್ರಯಾಣ ಪತ್ರಕ್ಕೆ ಅರ್ಜಿ ಹಾಕಬೇಕು. ಆಗ 730ರ ಲೆಕ್ಕವನ್ನು ಹೊಸದಾಗಿ ನೋಡುತ್ತಾರೆ. ಅವಧಿ ಮುಗಿಯಲು ಒಂಬತ್ತು ತಿಂಗಳಿಗಿಂತ ಕಡಿಮೆ ಉಳಿದಾಗ ನವೀಕರಣಕ್ಕೆ ಹಾಕಬಹುದು. ಅಷ್ಟರಲ್ಲಿ ಪೌರತ್ವ ಬಂದಿದ್ದರೆ ಕಾರ್ಡ್ ಬೇಕಾಗುವುದೇ ಇಲ್ಲ, ಕೆನಡಾ ಪಾಸ್‌ಪೋರ್ಟ್ ಮಾಡಿಸಿಕೊಂಡರೆ ಸಾಕು.